ಮುಧೋಳ ನಾಯಿ, ಮನೆಯ ಬೆಕ್ಕು, ಪಕ್ಕದ ಮನೆಯ ಕೋಳಿ

ನಾಯಿ ದತ್ತು ತೆಗೆದುಕೊಳ್ಳಲು ಬರುವವರು ಮೊದಲು ಕೇಳುವುದು ಒಂದೇ ಮಾತು. ‘ಇದು ಕಚ್ಚುತ್ತಾ?’ ಕೇಳಲೇಬೇಕು ಬಿಡಿ, ಮನೆಯಲ್ಲಿ ಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ. ಆದರೆ ಮುಧೋಳದಂಥ ನಾಯಿಯ ವಿಷಯದಲ್ಲಿ ಅದಕ್ಕೂ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಅವನ್ನು ನಾನೇ ನಿಮಗೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಬೆಕ್ಕಿದೆಯಾ? ಪಕ್ಕದ ಮನೆಯವರು ಕೋಳಿಗಳನ್ನು ಹೊರಗೆ ಮೇಯಲು ಬಿಡುತ್ತಾರಾ? ನಿಮ್ಮ ರಸ್ತೆಯಲ್ಲಿ ಕುರಿ ಮಂದೆ ಹಾದುಹೋಗುತ್ತಾ? ಅಪಾರ್ಟ್‌ಮೆಂಟ್ ಆದರೆ, ಲಿಫ್ಟಿನಲ್ಲಿ ಪುಟ್ಟ ಪೊಮೆರೇನಿಯನ್ ಜೊತೆ ಓಡಾಡುವವರು ಇದ್ದಾರಾ? ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ನಾಯಿಯನ್ನು ಕರೆದುಕೊಂಡು ಹೋದವರಲ್ಲಿ ಎಷ್ಟೋ ಜನ ಕೆಲವೇ ವಾರಗಳಲ್ಲಿ ವಾಪಸ್ ತಂದುಬಿಡುತ್ತಾರೆ. ವಾಪಸ್ ಬಂದ ನಾಯಿಗೆ ಮುಂದಿನ ಮನೆ ಸಿಗುವುದು ಮೊದಲಿಗಿಂತ ಕಷ್ಟ.

ಮುಧೋಳ ನಾಯಿ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ. ಬಾಗಲಕೋಟೆ ಜಿಲ್ಲೆಯ ಮುಧೋಳ, ಅದರ ಸುತ್ತಮುತ್ತಲ ಬಯಲು. ಗಿಡಗಂಟಿ ಕಡಿಮೆ, ದೂರದವರೆಗೆ ಕಣ್ಣು ಹಾಯುವ ನೆಲ. ಅಲ್ಲಿನ ಬೇಡರು ಬೇಟೆಗೆ ಇಟ್ಟುಕೊಂಡಿದ್ದ ನಾಯಿಗಳನ್ನು ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಆರಿಸಿ ಬೆಳೆಸಿದರು. ಮೂಸಿ ಹುಡುಕುವ ನಾಯಿ ಅಲ್ಲ ಇದು, ಕಣ್ಣಲ್ಲಿ ಕಂಡು ಅಟ್ಟುವ ನಾಯಿ. ದೂರದಲ್ಲಿ ಒಂದು ಮೊಲ ಎದ್ದರೆ ಸಾಕು, ಒಡೆಯ ಹೇಳುವವರೆಗೆ ಕಾಯದೆ ಓಡಬೇಕು, ತಾನೇ ತೀರ್ಮಾನ ಮಾಡಿ ತಾನೇ ಹಿಡಿಯಬೇಕು. ಹಾಗೆ ಓಡಿದ ನಾಯಿಯ ಮರಿಗಳನ್ನೇ ಜನ ಉಳಿಸಿಕೊಂಡರು, ನಿಂತು ಒಡೆಯನ ಮುಖ ನೋಡಿದ ನಾಯಿಯನ್ನು ಬಿಟ್ಟರು. ತಲೆಮಾರುಗಟ್ಟಲೆ ಇದೇ ನಡೆದಿದೆ. ಈಗ ನಾವು ಅದೇ ನಾಯಿಯನ್ನು ಎರಡು ಬೆಡ್‌ರೂಮಿನ ಮನೆಗೆ ತಂದು ‘ಅಳಿಲು ಕಂಡರೂ ಸುಮ್ನಿರು’ ಅನ್ನುತ್ತಿದ್ದೇವೆ. ಆ ನಾಯಿಗೆ ಇದು ಎಷ್ಟು ದೊಡ್ಡ ಬೇಡಿಕೆ ಅಂತ ಒಮ್ಮೆ ಯೋಚನೆ ಮಾಡಿ.

2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ತಳಿ ಉಳಿಸುವ ಕೆಲಸ ಅಲ್ಲಿ ನಡೆಯುತ್ತಿದೆ. ಸೇನೆಯೂ ಈ ನಾಯಿಗಳನ್ನು ತೆಗೆದುಕೊಂಡು ತರಬೇತಿ ಕೊಟ್ಟಿತು. 2020ರ ಆಗಸ್ಟಿನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಇದರ ಹೆಸರು ಹೇಳಿದ ಮೇಲಂತೂ ಬೇಡಿಕೆ ಇದ್ದಕ್ಕಿದ್ದಂತೆ ಏರಿತು. ನಮ್ಮ ನಾಡಿನ ನಾಯಿಗೆ ಹೆಸರು ಬಂದಿದ್ದು ನನಗೆ ನಿಜಕ್ಕೂ ಖುಷಿ. ಆದರೆ ಇದು ಯಾವ ಕೆಲಸಕ್ಕೆ ಹುಟ್ಟಿದ ನಾಯಿ ಅಂತ ಕೇಳದೆ, ಬರೀ ನೋಟಕ್ಕೆ ಮರುಳಾಗಿ ಮರಿ ತಂದವರೂ ಬಹಳ ಜನ. ಇವತ್ತು ದತ್ತು ಕೊಡುವ ಜಾಗಗಳಲ್ಲಿ ಎರಡು ಮೂರು ವರ್ಷದ ಮುಧೋಳಗಳು ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಈಗ ಬೇಟೆ ಬುದ್ಧಿ ಅಂದರೆ ಏನು ಅಂತ ನೋಡೋಣ. ಬೇಟೆ ಅನ್ನುವುದು ಒಂದೇ ಕೆಲಸ ಅಲ್ಲ, ಒಂದರ ಹಿಂದೆ ಒಂದು ಬರುವ ಕೆಲಸಗಳ ಸರಪಳಿ. ಗಮನಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸೀಳುವುದು, ತಿನ್ನುವುದು. ತೋಳದಲ್ಲಿ ಇವೆಲ್ಲ ಇವೆ. ನಾಯಿಗಳಲ್ಲಿ ಮನುಷ್ಯ ತನಗೆ ಬೇಕಾದ ಕೊಂಡಿಯನ್ನು ಗಟ್ಟಿ ಮಾಡಿ ಬೇಡದ್ದನ್ನು ಸಡಿಲ ಮಾಡಿದ. ಬಾರ್ಡರ್ ಕೋಲಿ ದಿಟ್ಟಿಸಿ, ಹೊಂಚಿ, ಅಟ್ಟಿ, ಅಲ್ಲಿಗೆ ನಿಲ್ಲಿಸುತ್ತದೆ, ಅದಕ್ಕೇ ಅದು ಕುರಿ ಕಾಯುವವರಿಗೆ ಬೇಕು. ಲ್ಯಾಬ್ರಡಾರ್ ಬಿದ್ದ ಹಕ್ಕಿಯನ್ನು ಮೆತ್ತಗೆ ಬಾಯಲ್ಲಿ ಹಿಡಿದು ತರುತ್ತದೆ. ಮುಧೋಳ, ರಾಜಪಾಳಯಂ, ಚಿಪ್ಪಿಪಾರೈ, ರಾಂಪುರ ಹೌಂಡ್, ಆ ಕಡೆ ಗ್ರೇಹೌಂಡ್, ಇವುಗಳಲ್ಲಿ ಅಟ್ಟುವ ಕೊಂಡಿ ವಿಪರೀತ ಗಟ್ಟಿ, ಅದರ ಬೆನ್ನಿಗೇ ಹಿಡಿಯುವುದು, ಕೊಲ್ಲುವುದು. ಒಂದು ಕೊಂಡಿ ಶುರುವಾದರೆ ಮುಂದಿನದು ತಾನಾಗಿ ಬರುತ್ತದೆ. ಅದಕ್ಕೇ ಓಟ ಶುರುವಾದ ಮೇಲೆ ತಡೆಯುವುದು ಅಷ್ಟು ಕಷ್ಟ. ತಡೆಯಬೇಕಾದ್ದು ಗಮನಿಸುವ, ದಿಟ್ಟಿಸುವ ಹಂತದಲ್ಲೇ.

ಇದರಲ್ಲಿ ಸಿಟ್ಟು ಇಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೋಳಿ ಹಿಡಿದ ನಾಯಿಯನ್ನು ಜನ ‘ಕೊಲೆಗಡುಕ’ ಅನ್ನುತ್ತಾರೆ, ನಾಳೆ ಮಗುವನ್ನೂ ಬಿಡುವುದಿಲ್ಲ ಅನ್ನುತ್ತಾರೆ. ಹೆದರಿಕೆಯಿಂದಲೋ ಸಿಟ್ಟಿನಿಂದಲೋ ಕಚ್ಚುವ ನಾಯಿ ಗುರುಗುಟ್ಟುತ್ತದೆ, ಹಲ್ಲು ತೋರಿಸುತ್ತದೆ, ಎದುರಿಗಿರುವವನು ದೂರ ಹೋಗಲಿ ಅನ್ನುವುದು ಅದರ ಆಸೆ. ಬೇಟೆಗೆ ನಿಂತ ನಾಯಿ ಮೌನ, ಅದಕ್ಕೆ ಎದುರಿಗಿರುವುದು ಹತ್ತಿರ ಬೇಕು. ಮಿದುಳಿನಲ್ಲಿ ಇವೆರಡೂ ನಡೆಯುವ ದಾರಿಗಳೇ ಬೇರೆ. ಬೆಕ್ಕನ್ನು ಕೊಂದ ಅದೇ ನಾಯಿ ಸಂಜೆ ಮನೆಯ ಮಗುವಿನ ಪಕ್ಕ ಮಲಗಿರಬಹುದು, ಅದು ನಾಟಕ ಅಲ್ಲ. ಹಾಗಂತ ಎಳೆ ಕೂಸನ್ನು ಯಾವ ನಾಯಿಯ ಜೊತೆಗೂ ಒಂಟಿಯಾಗಿ ಬಿಡಬೇಡಿ, ಅದು ಮುಧೋಳಕ್ಕೆ ಮಾತ್ರ ಹೇಳುವ ಮಾತಲ್ಲ.

ಹೊಟ್ಟೆಗೂ ಇದಕ್ಕೂ ಅಷ್ಟು ಸಂಬಂಧವಿಲ್ಲ. ‘ಚೆನ್ನಾಗಿ ತಿನ್ನಿಸಿ, ಸುಮ್ಮನಾಗುತ್ತೆ’ ಅನ್ನುತ್ತಾರೆ. ಹೊಟ್ಟೆ ತುಂಬಿದ ನಾಯಿಯೂ ಅಟ್ಟುತ್ತದೆ, ಅಟ್ಟುವುದೇ ಅದಕ್ಕೆ ಸಿಗುವ ಬಹುಮಾನ. ಮಾಂಸ ಕೊಟ್ಟರೆ ಬೇಟೆ ಹುಚ್ಚು ಹತ್ತುತ್ತೆ ಅನ್ನುವುದೂ ಅಷ್ಟೇ, ಅನ್ನ ಮೊಸರು ತಿಂದುಕೊಂಡಿರುವ ನಾಯಿ ಕೋಳಿ ಹಿಡಿದಿದ್ದನ್ನು ನಿಮ್ಮಲ್ಲೇ ಎಷ್ಟೋ ಜನ ನೋಡಿರಬೇಕು. ಸಂತಾನಹರಣ ಮಾಡಿಸಿದರೆ ಹೋಗುತ್ತದೆ ಅಂತಲೂ ಕೇಳುತ್ತಾರೆ. ಮಾಡಿಸಿ, ಬೇರೆ ಕಾರಣಕ್ಕೆ ಮಾಡಿಸಲೇಬೇಕು, ಆದರೆ ಇದು ಹೋಗುವುದಿಲ್ಲ. ಹೊಡೆದರೂ ಹೋಗುವುದಿಲ್ಲ. ಹೊಡೆತ ತಿಂದ ನಾಯಿ ಕಲಿಯುವುದು, ಬೆಕ್ಕು ಇರುವ ಕಡೆ ನೋವು ಬರುತ್ತದೆ ಅಂತ. ಆಮೇಲೆ ಬೆಕ್ಕಿನ ಮೇಲೆ ಆಸೆಯ ಜೊತೆ ದ್ವೇಷವೂ ಸೇರಿಕೊಳ್ಳುತ್ತದೆ. ಇನ್ನು ಕೆಲವು ನಾಯಿಗಳು ನೀವು ಎದುರಿಗಿದ್ದಾಗ ಮಾತ್ರ ಸುಮ್ಮನಿರುವುದನ್ನು ಕಲಿಯುತ್ತವೆ. ಶಾಕ್ ಕೊಡುವ ಕಾಲರ್‌ಗೂ ಇದೇ ಮಾತು.

ಹಾಗಾದರೆ ಒಂದು ನಾಯಿ ಯಾವ ಮಟ್ಟದ್ದು ಅಂತ ತಿಳಿಯುವುದು ಹೇಗೆ? ನಾನು ನೋಡಿದ ಒಂದು ಹೆಣ್ಣು ನಾಯಿಯ ಉದಾಹರಣೆ ಹೇಳುತ್ತೇನೆ, ಕಾಳಿ ಅಂತ ಕರೆಯೋಣ. ಕಬ್ಬಿಣದ ಗೇಟಿನ ಈಚೆ ಕಾಳಿ, ಆಚೆ ಸುಮಾರು ಇಪ್ಪತ್ತು ಅಡಿ ದೂರದಲ್ಲಿ ಕಟ್ಟೆಯ ಮೇಲೆ ಒಂದು ಬೆಕ್ಕು. ಕಾಳಿ ಅಲ್ಲಿಯವರೆಗೆ ನಾಲಿಗೆ ಚಾಚಿ ತೇಕುತ್ತಿದ್ದಳು. ಬೆಕ್ಕು ಬಾಲ ಅಲ್ಲಾಡಿಸಿದ ತಕ್ಷಣ ಬಾಯಿ ಮುಚ್ಚಿತು. ಇದು ಮೊದಲ ಗುರುತು, ಎಲ್ಲರೂ ಬಿಟ್ಟುಬಿಡುವ ಗುರುತು. ಆಮೇಲೆ ಕಿವಿಯ ಬುಡ ಮೇಲಕ್ಕೆದ್ದು ಮುಂದಕ್ಕೆ ಬಂತು, ಮೈಯ ಭಾರ ಮುಂಗಾಲಿನ ಮೇಲೆ ಸರಿಯಿತು, ಒಂದು ಮುಂಗಾಲು ನೆಲ ಬಿಟ್ಟು ಅರ್ಧಕ್ಕೆ ನಿಂತಿತು. ಬಾಲ ಅಲ್ಲಾಡಲಿಲ್ಲ. ಕಣ್ಣು ರೆಪ್ಪೆ ಬಡಿಯಲಿಲ್ಲ. ಜೊತೆಗಿದ್ದ ಹುಡುಗಿ ಬೇಯಿಸಿದ ಕೋಳಿ ತುಂಡನ್ನು ಮೂಗಿನ ಹತ್ತಿರ ಹಿಡಿದಳು. ಕಾಳಿ ಮೂಸಲೂ ಇಲ್ಲ. ತುಂಡು ಅವಳ ಮೂತಿಗೆ ತಾಗಿತು, ಅವಳು ತಲೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು, ಅದು ಕೈಯ ಹಿಂದಿದ್ದ ಬೆಕ್ಕನ್ನು ನೋಡುವುದಕ್ಕೆ. ಹುಡುಗಿ ಅವಳನ್ನು ನಿಧಾನವಾಗಿ ಹಿಂದಕ್ಕೆ ಕರೆದುಕೊಂಡು ಹೋದಳು. ನಲವತ್ತು ಅಡಿ, ಐವತ್ತು ಅಡಿ. ಅಲ್ಲಿ ಕಾಳಿ ಒಮ್ಮೆ ಉಸಿರು ಬಿಟ್ಟಳು, ತಿರುಗಿ ಹುಡುಗಿಯ ಮುಖ ನೋಡಿದಳು, ತುಂಡು ತಿಂದಳು.

ನಮಗೆ ಬೇಕಾದ ವಿಷಯ ಆ ದೂರ. ಐವತ್ತು ಅಡಿಯಲ್ಲಿ ಕಾಳಿಗೆ ಕಿವಿ ಇದೆ, ಇಪ್ಪತ್ತು ಅಡಿಯಲ್ಲಿ ಇಲ್ಲ. ಕ್ರಿಕೆಟ್ ಮ್ಯಾಚಿನ ಕೊನೆಯ ಓವರ್ ನೋಡುತ್ತಿರುವವನನ್ನು ಊಟಕ್ಕೆ ಕರೆದ ಹಾಗೆ, ಕರೆದದ್ದು ಅದಕ್ಕೆ ಕೇಳಿಸುವುದೇ ಇಲ್ಲ. ನಾಯಿಯನ್ನು ಸಾಕಿಕೊಂಡಿರುವವರ ಹತ್ತಿರ ‘ಬೆಕ್ಕಿನ ಜೊತೆ ಇರುತ್ತಾ?’ ಅಂತ ಕೇಳಿದರೆ ಹೂಂ ಅಥವಾ ಊಹೂಂ ಅನ್ನುವ ಉತ್ತರ ಬರುತ್ತದೆ, ಎರಡೂ ಉಪಯೋಗಕ್ಕೆ ಬರುವುದಿಲ್ಲ. ಹೀಗೆ ಕೇಳಿ. ಯಾವ ಪ್ರಾಣಿಯನ್ನು ನೋಡಿದೆ? ಎಷ್ಟು ದೂರದಲ್ಲಿ? ಆ ಪ್ರಾಣಿ ಕೂತಿತ್ತಾ, ಓಡುತ್ತಿತ್ತಾ? ಕರೆದಾಗ ತಿರುಗಿತಾ? ತಿನ್ನಲು ಕೊಟ್ಟರೆ ತಿಂತಾ? ಹಿಂದೆ ಯಾವುದಾದರೂ ಪ್ರಾಣಿಯನ್ನು ಹಿಡಿದದ್ದಿದೆಯಾ, ಹಿಡಿದು ಬಿಟ್ಟಿತಾ, ಕೊಂದಿತಾ? ಕೊಂದಿದೆ ಅಂತ ಗೊತ್ತಾದರೆ, ಮನೆಯಲ್ಲಿ ಬೆಕ್ಕು, ಮೊಲ ಇರುವವರು ದಯವಿಟ್ಟು ಆ ನಾಯಿಯನ್ನು ಬಿಟ್ಟು ಬೇರೆ ನಾಯಿ ನೋಡಿ. ನಿಮಗೆ ಪ್ರೀತಿ ಇಲ್ಲ ಅಂತ ಯಾರೂ ಅನ್ನುವುದಿಲ್ಲ.

ಹೊರದೇಶಗಳಲ್ಲಿ, ಬ್ರಿಟನ್ನಿನಲ್ಲಿ, ಆಸ್ಟ್ರೇಲಿಯಾದಲ್ಲಿ, ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್‌ಗಳನ್ನು ಮನೆಗಳಿಗೆ ಕೊಡುವವರು ಬಹಳ ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರೆ. ಬೆಕ್ಕಿನ ಎದುರು, ಸಣ್ಣ ನಾಯಿಯ ಎದುರು ನಿಲ್ಲಿಸಿ ನೋಡಿ ಆಮೇಲೆ ಕೊಡುತ್ತಾರೆ. ನಾವೂ ಅದನ್ನು ಕಲಿಯಬೇಕು. ಆದರೆ ಒಂದು ಸಲದ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಹೊಸ ಜಾಗದಲ್ಲಿ ಗಾಬರಿಯಾಗಿರುವ ನಾಯಿ ಏನನ್ನೂ ನೋಡದೆ ಮುದುಡಿ ಕೂತಿರುತ್ತದೆ, ಜನ ಅದನ್ನು ‘ಶಾಂತ’ ಅನ್ನುತ್ತಾರೆ. ಅದರ ನಿಜವಾದ ಸ್ವಭಾವ ಹೊರಬರುವುದು ಮನೆಗೆ ಹೊಂದಿಕೊಂಡ ಮೇಲೆ.

ಸರಿ, ಮಧ್ಯಮ ಮಟ್ಟದ ಆಸಕ್ತಿ ಇರುವ ನಾಯಿ, ಕರೆದರೆ ತಿರುಗುತ್ತದೆ, ನಿಮ್ಮ ಮನೆಯಲ್ಲಿ ಒಂದು ಬೆಕ್ಕಿದೆ. ಮಾಡಬಹುದು, ಅವಸರ ಮಾಡಬೇಡಿ. ಮೊದಲ ಕೆಲವು ದಿನ ಇಬ್ಬರೂ ಒಬ್ಬರನ್ನೊಬ್ಬರು ನೋಡುವುದೇ ಬೇಡ. ಬೇರೆ ಬೇರೆ ಕೋಣೆ, ಮಧ್ಯೆ ಮುಚ್ಚಿದ ಬಾಗಿಲು. ಬೆಕ್ಕು ಮಲಗಿದ ಬಟ್ಟೆಯನ್ನು ನಾಯಿ ಇರುವ ಕೋಣೆಗೆ, ನಾಯಿಯದ್ದನ್ನು ಬೆಕ್ಕಿನ ಕೋಣೆಗೆ ಹಾಕಿ. ಆಮೇಲೆ ಗೇಟಿನ ಮೂಲಕ, ದೂರದಿಂದ, ನಾಯಿ ಚೆನ್ನಾಗಿ ಓಡಾಡಿ ದಣಿದು ಬಂದ ಹೊತ್ತಿನಲ್ಲಿ, ಹಗ್ಗ ಹಾಕಿಕೊಂಡು. ನಾಯಿ ಬೆಕ್ಕನ್ನು ನೋಡಿತು, ತಕ್ಷಣ ತಿನ್ನಲು ಒಂದು ತುಂಡು ಕೊಡಿ. ನೋಡಿ ಮುಖ ತಿರುಗಿಸಿತು, ಇನ್ನೂ ಒಳ್ಳೆಯ ತುಂಡು. ದಿಟ್ಟಿಸಲು ಶುರುಮಾಡಿತು ಅಂದರೆ ಬೈಯಬೇಡಿ, ದೂರ ಜಾಸ್ತಿ ಮಾಡಿ. ಇದು ವಾರಗಳ ಕೆಲಸ, ಕೆಲವು ಮನೆಗಳಲ್ಲಿ ತಿಂಗಳುಗಳ ಕೆಲಸ. ಬೆಕ್ಕಿಗೆ ನಾಯಿ ಹತ್ತಲಾಗದ ಎತ್ತರದ ಜಾಗ ಪ್ರತಿ ಕೋಣೆಯಲ್ಲೂ ಇರಬೇಕು. ಬೀರುವಿನ ಮೇಲೆ, ಅಟ್ಟದ ಮೇಲೆ, ಗೋಡೆಗೆ ಹೊಡೆದ ಹಲಗೆ, ಯಾವುದಾದರೂ ಸರಿ. ಬೆಕ್ಕಿನ ಊಟ, ಮರಳಿನ ತಟ್ಟೆ ಎರಡೂ ನಾಯಿಗೆ ಎಟುಕದ ಕಡೆ ಇರಲಿ. ನೀವು ಮನೆಯಲ್ಲಿ ಇಲ್ಲದಾಗ ಮಧ್ಯೆ ಬಾಗಿಲು ಹಾಕಿರಬೇಕು, ಇದು ಮೊದಲ ತಿಂಗಳಿಗೆ ಮಾತ್ರ ಅಲ್ಲ, ಅವುಗಳ ಆಯಸ್ಸು ಪೂರ್ತಿ. ‘ಈಗ ಒಂದೇ ಹಾಸಿಗೆ ಮೇಲೆ ಮಲಗ್ತಾವೆ’ ಅಂತ ಫೋಟೋ ಕಳಿಸುತ್ತಾರೆ, ನನಗೂ ಕಣ್ಣು ತುಂಬುತ್ತದೆ, ಆದರೂ ಬಾಗಿಲು ಹಾಕಿ ಅಂತಲೇ ಉತ್ತರ ಬರೆಯುತ್ತೇನೆ.

ಇನ್ನೊಂದು ವಿಷಯ. ಮನೆಯೊಳಗಿನ ಬೆಕ್ಕಿನ ಜೊತೆ ಚೆನ್ನಾಗಿರುವ ನಾಯಿ ಹೊರಗೆ ಕಂಪೌಂಡ್ ಮೇಲೆ ಓಡುವ ಬೆಕ್ಕನ್ನು, ಅದು ನಿಮ್ಮ ಮನೆಯದೇ ಆದರೂ, ಬಿಡುವುದಿಲ್ಲ. ಎಷ್ಟೋ ಅನಾಹುತ ಹೀಗೇ ಆಗಿದೆ. ನಾಯಿಯ ಕಣ್ಣು ನಮ್ಮ ಕಣ್ಣಿನಂತಲ್ಲ. ಬಣ್ಣ ಕಡಿಮೆ ಕಾಣುತ್ತದೆ, ಸೂಕ್ಷ್ಮವಾದ ವಿವರವೂ ಕಡಿಮೆ, ಆದರೆ ಚಲನೆಯನ್ನು ಬಹಳ ಚೆನ್ನಾಗಿ ಹಿಡಿಯುತ್ತದೆ. ಉದ್ದ ಮೂತಿಯ ಈ ನಾಯಿಗಳ ನೋಟದ ಹರವೂ ದೊಡ್ಡದು, ನಮಗೆ ಸುಮಾರು 180 ಡಿಗ್ರಿ ಇದ್ದರೆ ಇವಕ್ಕೆ 250ಕ್ಕಿಂತ ಜಾಸ್ತಿ. ಸೋಫಾದ ಮೇಲೆ ಮಲಗಿದ ಬೆಕ್ಕು ಮನೆಯವನು, ತೋಟದಲ್ಲಿ ಚಂಗನೆ ಹಾರಿದ ಬೆಕ್ಕು ಮೊಲ.

ಸಣ್ಣ ನಾಯಿಗಳ ವಿಷಯದಲ್ಲೂ ಇದೇ ಆಗುತ್ತದೆ. ಎರಡು ನಾಯಿ ಚೆನ್ನಾಗಿ ಆಡುತ್ತಿರುತ್ತವೆ, ದೊಡ್ಡದು ಓಡಿಸುತ್ತದೆ, ಪುಟ್ಟದು ಎಡವಿ ಕುಂಯ್ ಅನ್ನುತ್ತದೆ, ಅಷ್ಟಕ್ಕೇ ಆಟ ಬೇಟೆಯಾಗಿಬಿಡುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಇದನ್ನು ನೆನಪಿಡಿ, ಮುಧೋಳವನ್ನು ಪುಟ್ಟ ನಾಯಿಗಳ ಗುಂಪಿನಲ್ಲಿ ಓಡಿಸಿ ಆಡಿಸಬೇಡಿ.

ಹೊರಗೆ ಹೋಗುವಾಗ ಏನು ಬೇಕು? ಮೊದಲು ಕಾಲರ್. ಮುಧೋಳದ ತಲೆ ಸಣ್ಣದು, ಕುತ್ತಿಗೆ ತಲೆಯಷ್ಟೇ ದಪ್ಪ, ಮಾಮೂಲಿ ಬೆಲ್ಟ್ ಹಾಕಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ತಲೆ ಕೆಳಗೆ ಮಾಡಿದರೆ ಸಾಕು, ಬೆಲ್ಟ್ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಎಳೆದಾಗ ಅಳತೆಗೆ ತಕ್ಕಷ್ಟು ಮಾತ್ರ ಬಿಗಿಯಾಗುವ ಅಗಲವಾದ ಮಾರ್ಟಿಂಗೇಲ್ ಕಾಲರ್ ಸಿಗುತ್ತದೆ, ಅದನ್ನು ಹಾಕಿ, ಜೊತೆಗೆ ಮೈ ಸುತ್ತ ಎರಡು ಪಟ್ಟಿ ಬರುವ ಹಾರ್ನೆಸ್. ಉದ್ದ ಹಗ್ಗ ಕಟ್ಟುವುದಾದರೆ ಹಾರ್ನೆಸ್‌ಗೆ ಮಾತ್ರ ಕಟ್ಟಿ, ಕುತ್ತಿಗೆಗೆ ಬೇಡ. ಓಡಿ ಹಗ್ಗದ ತುದಿ ಮುಟ್ಟಿದ ನಾಯಿಯ ಕುತ್ತಿಗೆಗೆ ಬೀಳುವ ಪೆಟ್ಟು ಸಣ್ಣದಲ್ಲ. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗಗಳನ್ನು ಈ ನಾಯಿಗೆ ತರಲೇಬೇಡಿ. ಮುಧೋಳದ ಓಟವನ್ನು ಗಂಟೆಗೆ 40 ಕಿಲೋಮೀಟರ್ ಅಂತ ಇಟ್ಟುಕೊಂಡರೂ ಒಂದು ಸೆಕೆಂಡಿಗೆ 11 ಮೀಟರ್ ಆಯಿತು. ನೀವು ‘ಏಯ್’ ಅನ್ನುವಷ್ಟರಲ್ಲಿ ಅದು ರಸ್ತೆ ದಾಟಿರುತ್ತದೆ. ಆ ಓಟದಲ್ಲಿ ನಾಯಿಗೆ ಲಾರಿ ಕಾಣುವುದಿಲ್ಲ, ಬೇಟೆ ಬುದ್ಧಿಯಿಂದ ಸಾಯುವ ನಾಯಿಗಳೂ ಇವೆ ಅನ್ನುವುದನ್ನು ಮರೆಯಬೇಡಿ.

ಬಾಯಿಬುಟ್ಟಿ ಹಾಕುವುದು ಕ್ರೂರ ಅಂತ ಬಹಳ ಜನಕ್ಕೆ ಅನಿಸುತ್ತದೆ. ಬಾಯನ್ನು ಬಿಗಿದು ಕಟ್ಟುವ ಬಟ್ಟೆಯದ್ದಾದರೆ ಕ್ರೂರವೇ, ತೇಕಲು ಆಗುವುದಿಲ್ಲ, ನಮ್ಮ ಬಿಸಿಲಿನಲ್ಲಿ ಅಪಾಯ ಕೂಡ. ಬುಟ್ಟಿಯ ಥರ ಇರುವುದು ತನ್ನಿ, ಅದರೊಳಗೆ ಬಾಯಿ ತೆರೆಯಬಹುದು, ನೀರು ಕುಡಿಯಬಹುದು, ಸಂದಿಯಲ್ಲಿ ತುಂಡು ಕೊಡಬಹುದು. ಒಳಗೆ ತಿಂಡಿ ಇಟ್ಟು ನಾಯಿ ತಾನೇ ಮೂತಿ ತೂರಿಸುವಂತೆ ನಿಧಾನವಾಗಿ ಅಭ್ಯಾಸ ಮಾಡಿಸಿ. ಕೋಳಿ, ಬೆಕ್ಕು ಜಾಸ್ತಿ ಇರುವ ಬೀದಿಯಲ್ಲಿ ಬುಟ್ಟಿ ಹಾಕಿಕೊಂಡು ಓಡಾಡುವ ನಾಯಿ ದಿನವೂ ಹೊರಗೆ ಹೋಗಬಹುದು. ಹಾಕದ ನಾಯಿ ಒಂದು ದಿನ ಕೋಳಿ ಹಿಡಿಯುತ್ತದೆ, ಆಮೇಲೆ ಅದರ ಜೀವನ ಪೂರ್ತಿ ಸರಪಳಿಯಲ್ಲಿ ಕಳೆಯುತ್ತದೆ.

ಅಟ್ಟುವ ಆಸೆಗೆ ಒಂದು ದಾರಿಯನ್ನೂ ಮಾಡಿಕೊಡಬೇಕು, ಬರೀ ಬೇಡ ಬೇಡ ಅಂದರೆ ಆಗುವುದಿಲ್ಲ. ಉದ್ದ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಒಂದು ಹಳೆ ಬಟ್ಟೆ. ಅದನ್ನು ನೆಲದ ಮೇಲೆ ಓಡಿಸಿ, ನಾಯಿ ಅಟ್ಟಲಿ, ಹಿಡಿಯಲಿ, ಕೊಡವಲಿ. ನಡುವೆ ನಿಲ್ಲಿಸಿ ‘ಕೂತ್ಕೋ’ ಅನ್ನಿ, ಕೂತರೆ ಮತ್ತೆ ಆಟ. ಓಡುವ ವಸ್ತು ಎದುರಿಗಿದ್ದಾಗಲೂ ನಿಮ್ಮ ಮಾತಿಗೆ ಬೆಲೆ ಇದೆ ಅಂತ ಅದು ಕಲಿಯುವುದು ಹೀಗೆ. ಗಟ್ಟಿ ನೆಲದಲ್ಲಿ ಜಾಸ್ತಿ ಹೊತ್ತು ಬೇಡ, ಮರಿಗಳಿಗಂತೂ ಗಿರಗಿರ ತಿರುಗಿಸಬೇಡಿ, ಕೀಲುಗಳು ಹಾಳಾಗುತ್ತವೆ. ಆರಡಿ ಬೇಲಿ ಇರುವ ಜಾಗದಲ್ಲಿ ಬೆಳಗ್ಗೆ ಬೇಗ ಬಿಟ್ಟು ಓಡಿಸಿದರೆ ಇನ್ನೂ ಒಳ್ಳೆಯದು. ಇಷ್ಟು ಮಾಡಿದರೆ ಈ ನಾಯಿ ಉಳಿದ ದಿನವೆಲ್ಲ ಮಲಗಿರುತ್ತದೆ, ಮನೆಯೊಳಗೆ ಇದರಷ್ಟು ಸಾಧು ನಾಯಿ ಕಡಿಮೆ.

ತೋಟ ಇರುವವರು, ಹಳ್ಳಿಯಲ್ಲಿ ಇರುವವರು ಇಲ್ಲಿದ್ದೀರಿ. ನಿಮಗೆ ನೇರವಾಗಿ ಹೇಳಬೇಕು. ಕೋಳಿಗಳನ್ನು ಅಂಗಳದಲ್ಲಿ ಬಿಟ್ಟು ಸಾಕುವ ಮನೆಗೆ ದೊಡ್ಡ ವಯಸ್ಸಿನ ಮುಧೋಳವನ್ನು ಕೊಡಲು ನಾನು ಒಪ್ಪುವುದಿಲ್ಲ. ಕೋಳಿಯನ್ನು ಬಲೆಯ ಗೂಡಿನಲ್ಲಿ ಇಡುತ್ತೇವೆ ಅಂದರೆ ಮಾತಾಡೋಣ. ಕುರಿ ಮಂದೆ ಇನ್ನೂ ಕಷ್ಟ. ಕುರಿ ಹೆದರಿ ಒಟ್ಟಾಗಿ ಓಡುತ್ತದೆ, ಆ ಓಟವೇ ನಾಯಿಯನ್ನು ಮತ್ತೆ ಮತ್ತೆ ಎಳೆಯುತ್ತದೆ, ಒಂದನ್ನು ಹಿಡಿದು ಅಲ್ಲಿಗೆ ನಿಲ್ಲುವುದಿಲ್ಲ. ಕುರಿ ಕಾಯುವವನ ವರ್ಷದ ಸಂಪಾದನೆ ಅರ್ಧ ಗಂಟೆಯಲ್ಲಿ ಹೋಗಬಹುದು. ನಾಯಿಯ ಮೇಲೆ ನಮಗಿರುವ ಕರುಣೆ ಆ ಕುರಿಗಳ ಮೇಲೂ, ಅವನ ಮೇಲೂ ಇರಬೇಕಲ್ವಾ?

ಕಾಡಂಚಿನಲ್ಲಿ, ಕೆರೆ ಬಯಲಿನಲ್ಲಿ ನಾಯಿ ಬಿಡುವವರಿಗೆ ಇನ್ನೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೋವಿ ಹಿಡಿದು ಹೊಡೆಯುವುದು ಮಾತ್ರ ಅಲ್ಲ, ನಾಯಿ ಬಿಟ್ಟು ಅಟ್ಟಿಸುವುದೂ ಬೇಟೆಯೇ. ಮೊಲ, ನವಿಲು, ಕೃಷ್ಣಮೃಗ ಎಲ್ಲಕ್ಕೂ ಇದು ಅನ್ವಯ. ‘ನಮ್ಮ ನಾಯಿ ಮೊಲ ಓಡಿಸಿದ್ದು ನೋಡಿ’ ಅಂತ ವಿಡಿಯೋ ಹಾಕುವವರು ತಾವೇ ಸಾಕ್ಷಿ ಕೊಡುತ್ತಿದ್ದಾರೆ. ಮೊಲವನ್ನು ನಾಯಿ ಹಿಡಿಯದೆ ಹೋದರೂ, ಅಟ್ಟಿಸಿಕೊಂಡು ಸುಸ್ತಾದ ಪ್ರಾಣಿ ಉಳಿಯುತ್ತದೆ ಅಂತ ಹೇಳಲಾಗುವುದಿಲ್ಲ.

ಅಕಸ್ಮಾತ್ ನಾಯಿ ಬೆಕ್ಕನ್ನೋ ಸಣ್ಣ ನಾಯಿಯನ್ನೋ ಹಿಡಿದೇಬಿಟ್ಟಿತು ಅಂದರೆ, ಬಿಡಿಸಿದ ತಕ್ಷಣ ಗಾಯ ಕಾಣದಿದ್ದರೂ ವೈದ್ಯರ ಹತ್ತಿರ ಹೋಗಿ. ಬಾಯಲ್ಲಿ ಹಿಡಿದು ಕೊಡವಿದಾಗ ಮೇಲೆ ಒಂದು ಸಣ್ಣ ತೂತು ಕಾಣುತ್ತದೆ, ಒಳಗೆ ಪಕ್ಕೆಲುಬು, ಶ್ವಾಸಕೋಶಕ್ಕೆ ಪೆಟ್ಟಾಗಿರುತ್ತದೆ. ಕೋಳಿಯೋ ಕುರಿಯೋ ಸತ್ತರೆ ಅದರ ಒಡೆಯನ ಮನೆಗೆ ನೀವೇ ಹೋಗಿ, ಅವರು ಬರುವವರೆಗೆ ಕಾಯಬೇಡಿ, ಬೆಲೆ ಕೊಡಿ, ಮುಂದೆ ಏನು ಮಾಡುತ್ತೀರಿ ಅಂತ ಹೇಳಿ. ಊರಿನಲ್ಲಿ ನಾಯಿಗೆ ವಿಷ ಹಾಕುವುದು ಈ ಮಾತುಕತೆ ನಡೆಯದೆ ಹೋದಾಗ.

ಅಲ್ಲಿ ಹಿಂದೆ ಕೂತಿರುವವರು ಕೇಳಿದ ಪ್ರಶ್ನೆ ಒಳ್ಳೆಯದು. ಎರಡು ತಿಂಗಳ ಮರಿ ತಂದು ಕೋಳಿ, ಬೆಕ್ಕಿನ ಜೊತೆಗೇ ಬೆಳೆಸಿದರೆ? ಅನುಕೂಲ ಖಂಡಿತ ಇದೆ. ಮೂರು ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕು ವಾರದವರೆಗೆ ಮರಿ ಯಾರನ್ನು ನೋಡಿ ಬೆಳೆಯುತ್ತದೋ ಅವರನ್ನು ತನ್ನವರು ಅಂತ ಒಪ್ಪಿಕೊಳ್ಳುವುದು ಸುಲಭ. ಆದರೆ ನಾಲ್ಕು ತಿಂಗಳಲ್ಲಿ ಕೋಳಿಯ ಪಕ್ಕ ಮಲಗಿದ ಮರಿ ಒಂದು ವರ್ಷ ತುಂಬುವ ಹೊತ್ತಿಗೆ ಅದೇ ಕೋಳಿಯನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡಬಹುದು, ಬೇಟೆಯ ಕೊಂಡಿಗಳು ಪೂರ್ತಿ ಬಲಿಯುವುದೇ ಆ ವಯಸ್ಸಿನಲ್ಲಿ. ಆರನೇ ತಿಂಗಳಿನಿಂದ ಎರಡು ವರ್ಷದವರೆಗೆ ಹಗ್ಗ ಬಿಡಬೇಡಿ, ಬಾಯಿ ಮುಚ್ಚಿ ದಿಟ್ಟಿಸುವುದನ್ನು ಕಂಡ ದಿನವೇ ಕೋಳಿಗೆ ಗೂಡು ಕಟ್ಟಿಸಿ. ಗೂಡು ಈಗಲೇ ಕಟ್ಟಿಸಿಟ್ಟುಕೊಂಡು ಮರಿ ತಂದರೆ ಇನ್ನೂ ಒಳ್ಳೆಯದು. ಒಂದೂವರೆ ಇಂಚಿನ ಬಲೆ ಸಾಲದು, ಅರ್ಧ ಇಂಚಿನದು ಹಾಕಿ, ಬುಡದಲ್ಲಿ ಒಂದಡಿ ಮಣ್ಣೊಳಗೆ ಹೂಳಿ, ಯಾಕೆಂದರೆ ಈ ನಾಯಿ ಅಗೆಯುತ್ತದೆ.